ಎರಡು ಬಂಗಡೆ

ನನ್ನ ಕಾದಂಬರಿಯ ಖಳನಿಗೆ ಹುಬ್ಬಿನ ಮೇಲೆ ಕತ್ತಿಯ ಗಾಯವಿತ್ತು.
ಎಡಗಣ್ಣಿಗೆ ಗಾಜಿನ ಗುಡ್ಡೆ. ನಗುವೂ ಇತ್ತು,
ಮೂರು ಸಾಲು ತುಂಬುವಷ್ಟು ಉದ್ದದ್ದು.
ಹೆಸರು ರುದ್ರೋಜಿ. ಕಾಳಿ ಸೇತುವೆಯ ಮೇಲೆ
ಕರೀ ಕಾರು ನಿಲ್ಲಿಸಿ ಸಿಗಾರು ಹಚ್ಚುತ್ತಿದ್ದ.
ಅಲ್ಲಿಯ ಗಾಳಿಗೆ ಯಾವ ಕಡ್ಡಿಯೂ ನಿಲ್ಲುವುದಿಲ್ಲವೆಂದು
ಬರೆಯುವಾಗ ನನಗೆ ಹೊಳೆದಿರಲಿಲ್ಲ.

ಕೊಲೆಯ ಅಧ್ಯಾಯ ಓದಿದ್ದು ಬೈತ್ಕೋಲಿನಲ್ಲಿ,
ಶೇವಂತಿ ಮಾವಶಿಯ ಹಿತ್ತಿಲ ಕಟ್ಟೆಯ ಮೇಲೆ.
ಅವಳು ಶೆಟ್ಲಿ ಸುಲಿಯುತ್ತಿದ್ದಳು:
ತಲೆ ಒಂದು ಕಡೆ, ಸಿಪ್ಪೆ ಒಂದು ಕಡೆ, ನಡುವೆ ಬೆಕ್ಕು.
ರುದ್ರೋಜಿ ಪಿಸ್ತೂಲು ತೆಗೆದ. ಮಾವಶಿ ಆಕಳಿಸಿದಳು.
ರುದ್ರೋಜಿ ನಕ್ಕ.
"ಪಾಪ, ಗಂಟಲು ಕಟ್ಟಿದೆ ಅವನದ್ದು,
ಒಂಚೂರು ಕಷಾಯ ಕುಡಿಸು."

ಡಿಪೋದ ರಾತ್ರಿಪಾಳಿಯಲ್ಲಿ, ಕೊನೆಯ ಬಸ್ಸಿಗೂ
ಮೊದಲ ಬಸ್ಸಿಗೂ ನಡುವೆ, ಹನ್ನೊಂದು ತಿಂಗಳು ಬರೆದದ್ದು.
ಸಿಟ್ಟು ಬಂತು. ಹಾಳೆ ಮಡಚಿದೆ.

"ಬಲೆಯಿಂದ ತೆಗೆದ ಕೂಡ್ಲೇ ಹೊಟ್ಟೆ ಉಬ್ಬಿಸ್ತದಲ್ಲ ಒಂದು ಮೀನು,
ಅದಕ್ಕೆ ಯಾರು ಹೆದರ್ತಾರೆ? ಮಕ್ಕಳು ಒದ್ದು ಆಡ್ತಾವೆ.
ತೊರಕೆ ನೋಡು. ಕೆಸರಲ್ಲಿ ಕೆಸರಾಗಿ ಮಲಗಿರ್ತದೆ.
ನಿನ್ನ ಮೇಲೆ ಅದಕ್ಕೆ ಹಗೆಯೂ ಇಲ್ಲ."

ಆಮೇಲೆ, ನಾನು ಕೇಳದೆಯೇ, ಹೇಳಿದಳು:
ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯ ಮುಂದೆ
ದಿನಾ ಒಬ್ಬ ನಿಲ್ಲುತ್ತಿದ್ದನಂತೆ. ಇಸ್ತ್ರಿ ಅಂಗಿ,
ಕೈಯಲ್ಲಿ ಬಟ್ಟೆಚೀಲ. ಎರಡೇ ಬಂಗಡೆ.
ಚೌಕಾಶಿ ಇಲ್ಲ. ಚಿಲ್ಲರೆ ಎಣಿಸಿಯೇ ತರುತ್ತಿದ್ದ.
ಹೋಗುವಾಗ ಒಂದು ಮಾತು, ಅಷ್ಟೇ.
"ಕಲಾ ಇವತ್ತು ಹಸಿರು ಲಂಗ."
ಇನ್ನೊಂದು ದಿನ, "ಕಲಾಗೆ ಕೆಮ್ಮು ಕಮ್ಮಿಯಾಯ್ತಲ್ಲ?"
ಇನ್ನೊಂದು ದಿನ,
"ಕಲಾ ಈಗ ಗುಡ್ಡೆ ಹತ್ತಿರದ ದಾರಿ ಬಿಟ್ಟಿದ್ದಾಳೆ. ಒಳ್ಳೇದು."

ಮಗಳ ಹೆಸರನ್ನು ಅವಳು ಯಾವತ್ತೂ ಅವನಿಗೆ ಹೇಳಿರಲಿಲ್ಲ.

"ಮತ್ತೆ?" ಅಂದೆ.
"ಮತ್ತೆ ಎಂತದೂ ಇಲ್ಲ."
ಪೊಲೀಸರು ಕೇಳಿದರಂತೆ: ಬೈದನಾ? ಇಲ್ಲ. ಮುಟ್ಟಿದನಾ? ಇಲ್ಲ.
ದುಡ್ಡು ಬಾಕಿ ಇಟ್ಟನಾ? ಅದೂ ಇಲ್ಲ.
ಹಾಗಾದರೆ ಮೀನು ಕೊಡು, ಮನೆಗೆ ಹೋಗು.
ಕಲಾಳನ್ನು ಕಾಣಕೋಣದ ಅತ್ತೆಯ ಮನೆಗೆ ಸಾಗಿಸಿದರು,
ಆರನೆಯ ಇಯತ್ತೆ ಅರ್ಧಕ್ಕೇ ಬಿಡಿಸಿ.
ಮಾರನೆಯ ದಿನವೂ ಬಂದ. ಎರಡು ಬಂಗಡೆ.
"ಕಾಣಕೋಣದಲ್ಲಿ ನೀರು ಒಳ್ಳೇದಂತೆ," ಅಂದ.

ಆ ರಾತ್ರಿ ಡಿಪೋದಲ್ಲಿ ಕೂತು ಗಾಯ ಅಳಿಸಿದೆ.
ಗಾಜಿನ ಕಣ್ಣು ಕಿತ್ತೆ. ಕಾರು ಮಾರಿದೆ. ನಗು,
ಅದಕ್ಕೊಂದು ಪುಟವೇ ಹೋಯಿತು.
ಹೆಸರನ್ನೂ ತೆಗೆದೆ. ಉಳಿದದ್ದು ಒಂದು ಚೀಲ,
ಮುಷ್ಟಿಯೊಳಗೆ ಬೆಚ್ಚಗಾದ ಚಿಲ್ಲರೆ.

ಇವನು ಬರೆಯಲು ಸಲೀಸಾಗಿದ್ದ. ಅದೇ ನನಗೆ
ಸರಿಕಾಣಲಿಲ್ಲ. ಅವನ ಮಾತು ಹುಡುಕಬೇಕಾಗಲೇ ಇಲ್ಲ,
ಕೈಗೆ ಮೊದಲೇ ಗೊತ್ತಿದ್ದ ಹಾಗೆ ಬಂತು.

ತಿಂಗಳು ಬಿಟ್ಟು ಮತ್ತೆ ಅದೇ ಕಟ್ಟೆ. ಓದಿದೆ.
ಎರಡನೇ ಪುಟದಲ್ಲಿ ಮಾವಶಿಯ ಕೈ ನಿಂತಿತು.
ಬೆಕ್ಕು ಒಂದು ಶೆಟ್ಲಿ ಎಳೆದೊಯ್ದರೂ ಗದರಲಿಲ್ಲ.
ಎದ್ದು, ನಡು ಮಧ್ಯಾಹ್ನ,
ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ ಬಂದಳು.
ನಾವಿಬ್ಬರೂ ಬಾಗಿಲ ಹೊರಗೇ ಇದ್ದೆವು.

"ಕೊನೆಗೆ ಸಾಯ್ತಾನಲ್ಲ?"
"ಸಾಯ್ತಾನೆ. ಕಾಳಿಯಲ್ಲಿ ಮುಳುಗಿ."
ತುಸು ಹೊತ್ತು ನನ್ನನ್ನೇ ನೋಡಿದಳು, ತೂಕದಲ್ಲಿ
ಮೋಸ ಹಿಡಿದವಳ ಹಾಗೆ.
"ಹಾಗಾದ್ರೆ ಕತೆಯೇ ಬಿಡು," ಅಂದು
ಮತ್ತೆ ಸುಲಿಯಲು ಕೂತಳು, ಹಗುರಾಗಿ.

ಅವಳಿಗೆ ಹೇಳಿಲ್ಲ ಇನ್ನೂ:
ಹೊಳೆಯ ಅಧ್ಯಾಯ ಹರಿದುಹಾಕಿದ್ದೇನೆ.
ಕೊನೆಯ ಪುಟದಲ್ಲಿ ಅವನು ಸರತಿಯಲ್ಲಿ ನಿಂತಿದ್ದಾನೆ,
ಮುಂದಿನವರಿಗೆ ದಾರಿ ಬಿಡುತ್ತ.