ಲಗೇಜ್ ಟಿಕೆಟ್

ಸಮುದ್ರ ನಾನು ನೋಡಿದ್ದು ರಿಟೈರಾದ ಮೇಲೆ.
ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ
ಸಮುದ್ರದ ಮೀನನ್ನ ಬಸ್ಸಲ್ಲಿ ತಂದವನು.

ರಸೆಲ್ ಮಾರ್ಕೆಟ್ಟು, ಬೆಳಗಿನ ಐದೂವರೆ,
ಲಾರಿಯಿಂದ ಇಳಿದ ಐಸು ಕರಗಿ ಮೋರಿಗೆ ಹರಿಯೋ ಹೊತ್ತು.
ಆರೋಗ್ಯಮೇರಿ ನನಗಂತಲೇ ಎತ್ತಿಟ್ಟಿರೋಳು,
ಮೊಳದುದ್ದ, ಸಲಿಕೆಮೂತಿ, ಬಿಳಿ ಹೊಟ್ಟೆ.
'ಕಾಲೇಜು ಸೊರ' ಅಂತ ಅವಳಿಟ್ಟ ಹೆಸರು.
ಮೇಡಂ ಕರೆಯೋದು ಸ್ಕೋಲಿಯೊಡಾನ್.
ಮೀನು ಎರಡಕ್ಕೂ ತಿರುಗಿ ನೋಡಲಿಲ್ಲ.

ಶಿವಾಜಿನಗರದ ಕಂಡಕ್ಟರ್ ಮೂಗು ಮುಚ್ಚಿಕೊಂಡು
'ಚೀಲಕ್ಕೆ ಲಗೇಜ್ ಟಿಕೆಟ್ ತಗೋ' ಅನ್ನೋನು.
'ಸತ್ತ ಮೀನಿಗೆ ಎಂಥ ಟಿಕೆಟ್ಟಯ್ಯ?'
ದಿನಾ ಇದೇ ಜಗಳ, ಕಾರ್ಪೊರೇಷನ್ ಸ್ಟಾಪ್ ಬರೋತನಕ.

ತಲೆಯಿಂದ ಬಾಲಕ್ಕೆ ಸವರಿದರೆ ರೇಷ್ಮೆ,
ಬಾಲದಿಂದ ತಲೆಗೆ ಸವರಿದರೆ ಮರಳುಕಾಗದ.
ಚರ್ಮದ ತುಂಬ ಹಲ್ಲು, ಪಿಳ್ಳಪ್ಪ, ಅಂದರು ಕಾತ್ಯಾಯಿನಿ ಮೇಡಂ.
ನನ್ನ ಅಂಗೈಗೆ ಅದು ಮುಂಚೆಯೇ ಗೊತ್ತಿತ್ತು.

ಮೂಳೆ ಅಂತ ಒಂದೂ ಇಲ್ಲ,
ನಮ್ಮ ಕಿವಿಯ ಹಾಗೆ ಒಳಗೆಲ್ಲ ಬಾಗೋ ಮೆದು.
ತೇಲೋಕೆ ಗಾಳಿಚೀಲ ಇಲ್ಲ, ಎಣ್ಣೆ ತುಂಬಿದ ಈಲಿ ಅಷ್ಟೇ;
ಈಜೋದು ಬಿಟ್ಟರೆ ತಳಕ್ಕೆ.
ಮೂತಿ ಒತ್ತಿದರೆ ಸೂಜಿತೂತುಗಳಿಂದ ಅಂಟು, ಗಂಜಿ ಥರ.
ಕೆಸರಲ್ಲಿ ಹೂತ ಸೀಗಡಿ ಮಿಸುಕಿದರೆ
ಹುಟ್ಟೋ ಚೂರೇ ಚೂರು ಕರೆಂಟು
ಆ ಅಂಟಿಗೆ ತಾಗುತ್ತಂತೆ.
ಲೋಡ್‌ಶೆಡ್ಡಿಂಗ್ ರಾತ್ರಿಗಳಲ್ಲಿ
ನಾನು ನನ್ನ ಮೂಗು ಒತ್ತಿ ನೋಡಿಕೊಂಡಿದ್ದೀನಿ.

ಆ ವರ್ಷ ಪರೀಕ್ಷೆಗೆ ಬಂದದ್ದು ತಲೆಯ ನರ,
ಐದನೇದು, ಏಳನೇದು, ಒಂಬತ್ತು, ಹತ್ತು.
ಫಿರ್ದೋಸ್ ಅನ್ನೋ ಹುಡುಗಿ ಕೈ ನಡುಗಿ ಹೊಟ್ಟೆ ಕೊಯ್ದಳು.

ಒಳಗೆ ಹನ್ನೊಂದು ಮರಿ.

ಗೇಣಿಗೆ ಎರಡು ಬೆರಳು ಕಮ್ಮಿ. ಕಣ್ಣು ತೆರೆದಿದ್ದವು.
ಒಂದೊಂದಕ್ಕೂ ಹೊಕ್ಕುಳಬಳ್ಳಿ,
ಬಳ್ಳಿಯ ಉದ್ದಕ್ಕೂ ಎಳೆ ಎಳೆ ಕುಡಿ.
ಇದರ ಮೊಟ್ಟೆ ಸಾಸಿವೆಗಿಂತ ದೊಡ್ಡದಲ್ಲವಂತೆ,
ಹಳದಿಯ ಬುತ್ತಿ ಕಟ್ಟಿಕೊಡೋಕೆ ತಾಯಿ ಹತ್ತಿರ ಏನೂ ಇಲ್ಲ,
ಐದಾರು ತಿಂಗಳು ಪೂರ್ತಿ ಅವಳ ರಕ್ತದ ಮೇಲೇ.
ಮೀನು ಮೊಟ್ಟೆ ಇಡುತ್ತೆ ಅಂತ ನಾನು ನನ್ನ ಮಗಳಿಗೆ
ಹೇಳಿಕೊಟ್ಟಿದ್ದೆ.

ಎಕ್ಸಾಮಿನರ್ ಕನ್ನಡಕ ಒರೆಸಿಕೊಂಡರು.
'ನರ ಎಲ್ಲಮ್ಮ?'
'ಇದನ್ನ ಬರೀಲಾ ಸಾರ್?' ಅಂದಳು ಫಿರ್ದೋಸ್.
ಅವಳಿಗೆ ಎಷ್ಟು ಮಾರ್ಕ್ಸ್ ಬಂತೋ ನಾ ಕಾಣೆ.

ಒಂದನ್ನ ಬಳ್ಳಿ ಸಮೇತ ಬಾಟಲಿಗೆ ಹಾಕಿದೆ,
ಸ್ಪೆಲ್ಲಿಂಗ್ ಬರದೆ ಲೇಬಲ್ ಮೇಲೆ 'ಮರಿ' ಅಂತ ಬರೆದೆ.
ಮೇಡಂ ತಿದ್ದಲಿಲ್ಲ.
ಉಳಿದ ಹತ್ತನ್ನ ಕಾಲೇಜಿನ ಹಿಂದೆ, ಹೊಂಗೆ ಬುಡದಲ್ಲಿ,
ಹದ್ದಿಗೆ ಸಿಗದಷ್ಟು ಆಳಕ್ಕೆ.

ಸಂಜೆ ಬಸ್ಸಲ್ಲಿ ಅದೇ ಕಂಡಕ್ಟರ್.
ಅವನು ಬಾಯಿ ತೆಗೆಯೋ ಮುಂಚೆ
ಲಗೇಜಿಗೂ ಸೇರಿಸಿ ದುಡ್ಡು ಕೊಟ್ಟೆ.
ಬಗ್ಗಿ ಚೀಲದೊಳಗೆ ನೋಡಿದ.
ಏನೂ ಇರಲಿಲ್ಲ.
ವಾಸನೆ ಇತ್ತು.