ಮಡಚಿದಾಗ

ಗಂಟಲೊಳಗ ಹೋಗೋದು ಬ್ಲೇಡು, ಹಿಡಿ ಅಲ್ಲ.
ಅದಕ್ಕ ಹನ್ನೆರಡು ವರ್ಷ ಹಿಡಿಗೆ
ಸ್ಪಿರಿಟಿನ ಹತ್ತಿ ಒಂದು ಸಲ ಸವರಿ
ಟ್ರೇದಾಗ ಇಡ್ತಿದ್ದೆ ನಾನು,
ಯಾದಗಿರಿಯ ಈ ಆಪರೇಷನ್ ಕೋಣೆಯೊಳಗ.

ಸಾಬಮ್ಮ ಕೆಲಸಕ್ಕ ಬಂದ ಮೂರನೇ ದಿನ ಕೇಳಿದಳು:
ಸರ, ಮುಗದ ಮ್ಯಾಲ ಇದನ್ನ ಮಡಚ್ತೀರಲ್ಲ,
ಆವಾಗ ಇದರ ತುದಿ ಎಲ್ಲಿ ಹೋಗಿ ಕೂಡ್ತದ?

ಮಡಚಿ ತೋರಿಸಿದಳು.
ಟಕ್.
ಈಗಷ್ಟೇ ಯಾರದೋ ನಾಲಿಗೆಯ ಬುಡ ಎತ್ತಿ ಬಂದ ತುದಿ
ಹಿಡಿಯ ಗೀರುಗಳ ಮ್ಯಾಲ
ಗಲ್ಲ ಇಟ್ಟು ಮಲಗಿತ್ತು.

ಉಜ್ಮಾ ಮೇಡಂ ಮಾಸ್ಕಿನೊಳಗೇ ಸುಮ್ಮನಾದರು.
ನಾನು ಸುಮ್ಮನಿರಲಿಲ್ಲ:
ಸೆಲ್ ತೆಗೀಬೇಕು, ತೊಳೀಬೇಕು, ಒಣಗಸಬೇಕು,
ಇರೋವು ಎರಡೇ ಹಿಡಿ, ಇವತ್ತ ಏಳು ಮಂದಿ,
ಕರೆಂಟ್ ಹೋದರ ಆಟೋಕ್ಲೇವ್ ನಡುವ ನಿಲ್ತದ.
ಎಲ್ಲಾ ಖರೇನೇ.
ಹೇಳಿ ಮುಗಿಸಿದ ಮ್ಯಾಲ ಒಂದೂ ಖರೆ ಅನಿಸಲಿಲ್ಲ.

ಎಂಜಲು ಅಂದರ ಏನಂತ ನಮ್ಮೂರಾಗ
ಯಾರೂ ಯಾರಿಗೂ ಕಲಸೋದಿಲ್ಲ.
ಸಾಬಮ್ಮನ ಅವ್ವ
ಹೋಟೆಲಿನ ಹೊರಗ, ಗ್ವಾಡಿಯ ಮೊಳಿಗೆ ತೂಗಹಾಕಿದ
ಬ್ಯಾರೆ ಬಟ್ಟಲದಾಗ ಚಾ ಕುಡದಾಕಿ,
ತಾನೇ ತೊಳದು ತಾನೇ ತೂಗಹಾಕಿದಾಕಿ.
ಸಾಬಮ್ಮ ಇದನ್ನ ಹೇಳಲಿಲ್ಲ. ನನಗ ಗೊತ್ತಿತ್ತು.
ಆ ಹೋಟೆಲು ನಮ್ಮ ಕಾಕಾಂದು.

ಈಗ ಆಕಿ ಮೊದಲ ತಣ್ಣೀರು ಬಿಡ್ತಾಳ,
ಬಿಸಿನೀರು ಬಿದ್ದರ ರಕ್ತ ಅಲ್ಲೇ ಹತ್ತಿ ಕೂಡ್ತದಂತ.
ಸಣ್ಣ ಬ್ರಷ್ ಹಿಡಿದು ಬಲ್ಬಿನ ಸುತ್ತ, ಕೀಲಿನ ಸಂದಿ,
ಒಂದೊಂದು ಗೀರಿನೊಳಗೂ ಇಳೀತಾಳ.
ಕಣ್ಣಿಗೆ ಕಾಣೋ ಹೊಲಸು ಸುಲಭ ಸರ, ಅಂತಾಳ,
ಅದು ತಾನೇ ಕರೀತದ.
ಪಾಕೀಟಿನ ಮ್ಯಾಲಿನ ಗೆರೆ ಕರ್ರಗಾಗೋ ತನಕ
ಯಾರು ಕೈ ಚಾಚಿದರೂ ಕೊಡೋದಿಲ್ಲ,
ಮೇಡಂ ಅವಸರ ಮಾಡಿದರೂ.

ಮೊನ್ನೆ ಕಾಕಾ ಬಂದ. ಹರ್ನಿಯಾ.
ಪಟ್ಟಿಯೊಳಗ ಆರನೆಯವ;
ಐದನೆಯವ ಯಾರು, ಯಾವ ಓಣಿಯವ,
ಕೇಳೋ ಹೊತ್ತಿಗೆ ನಿದ್ದಿಯ ಸೂಜಿ ತಯಾರಿತ್ತು.
ಸಾಬಮ್ಮ ಪಾಕೀಟು ತಂದಳು.
ಕಾಕಾ ಆಕಿಯ ಕೈ ನೋಡಿದ,
ಗುರುತು ಹಿಡಿದನೋ ಇಲ್ಲೋ,
ಅಷ್ಟರಾಗ ರೆಪ್ಪೆ ಮುಚ್ಚಿದವು.

ಹಿಡಿ ಇನ್ನೂ ಬೆಚ್ಚಗಿತ್ತು.
ಮೇಡಂ ನಳಿಗೆ ಇಳಿಸಿದರು, ಎದಿ ಏರಿತು, ಇಳಿಯಿತು.
ಬ್ಲೇಡು ನನ್ನ ಕೈಗೆ ವಾಪಸ್ ಬಂತು.
ಹಳೇ ರೂಢಿ, ಹೆಬ್ಬೆರಳು ತಾನೇ ಮಡಚಲಿಕ್ಕೆ ಹೋಯಿತು.

ತಡದೆ.
ತೆರೆದದ್ದು ತೆರೆದಂಗೇ
ಆಕಿ ಹಿಡಿದ ಟ್ರೇದಾಗ ಇಟ್ಟೆ.