ಇಲ್ಲದ ಹಲಗೆ

ಮಂಡ್ಯ. ಗುತ್ತಲು ರಸ್ತೆ. ಸೈಕಲ್ ಶಾಪಿನ ಮೇಲಿನ ಕೋಣೆ.
ಶನಿವಾರ ರಾತ್ರಿ, ಚಾಪೆಯ ಮೇಲೆ ನಾವು ನಾಲ್ವರು,
ಮದುವೆ ಕಾರ್ಡಿನ ಬೆನ್ನಿಗೆ ಬರೆದ ಒಂದು ಕೋಟೆ,
ಇಪ್ಪತ್ತು ಮುಖದ ಒಂದೇ ದಾಳ.

ಆಟ ನಡೆಸುವವನು ನಾನು. ಅಂದರೆ
ರಾಕ್ಷಸನೂ ನಾನೇ, ಮಂಜೂ ನಾನೇ, ಬಾಗಿಲಿನ ಕಿರ್ರ್ ಸದ್ದೂ.
ಜವರೇಶನಿಗೆ ಗಂಡುಗೊಡಲಿ, ಎಪ್ಪತ್ತು ಜೀವ.
ಫೈರೋಜನಿಗೆ ಬಿಲ್ಲು.
ಚಿಕ್ಕತಾಯಿಗೆ ಹನ್ನೊಂದು ಜೀವ, ಕತ್ತಿಯಿಲ್ಲ, ಕವಚವಿಲ್ಲ,
ಅವಳ ಚೀಟಿಯಲ್ಲಿ ಒಂದೇ ಪದ: ಕಣ್ಕಟ್ಟು.

ಬೆಳಗಿನ ಐದೂವರೆಗೆ ಅವಳು ಹಾಲಿನ ಸೊಸೈಟಿಯಲ್ಲಿ
ಕ್ಯಾನಿನ ಸಾಲಿನ ಮುಂದೆ ಲ್ಯಾಕ್ಟೋಮೀಟರ್ ಇಳಿಬಿಡುವವಳು.
"ನೀರು ಹಾಕ್ದೋರೇ ಜಾಸ್ತಿ ಮಾತಾಡೋದು," ಅನ್ನುತ್ತಾಳೆ.
"ಹಸೂಗೆ ಹುಷಾರಿಲ್ಲ, ಹುಲ್ಲು ಎಳೇದು, ರಾತ್ರಿ ಮಳೆ ಬಂತು...
ಒಳ್ಳೇ ಹಾಲು ಕ್ಯಾನ್ ಇಟ್ಟು ಸುಮ್ನೆ ಬೀಡಿ ಹಚ್ಚುತ್ತೆ."

ಮೊದಮೊದಲು ನಕ್ಕೆವು.
ಬೆಂಕಿ ಹೆಬ್ಬಾವು ಬಿಡು, ಆಕಾಶ ಬೀಳಿಸು, ಅಂತ ಜವರೇಶನ ವರಾತ.
ಅವಳು ಮಾಡಿದ್ದು
ಒಂದು ವಾರ, ಕಾವಲುಗಾರನ ಬೆನ್ನ ಹಿಂದೆ ಒಂದು ಕೆಮ್ಮು.
ಇನ್ನೊಂದು ವಾರ, ನಾವು ಹೋಗದ ದಾರಿಯಲ್ಲಿ ನಮ್ಮದೇ ಕೆಸರು ಹೆಜ್ಜೆ.
ಆಮೇಲಿನ ವಾರ ಏನೂ ಮಾಡಲಿಲ್ಲ.
ಮಾಡಿರಬೇಕೆಂದು ಹೆದರಿ ನನ್ನ ಹದಿನಾಲ್ಕು ಸೈನಿಕರು
ನಿಜವಾದ ಬಾಗಿಲನ್ನೇ ದಾಟಲಿಲ್ಲ.

ಕಳೆದ ಶನಿವಾರ ಕಮರಿ. ಅದರ ಮೇಲೆ ತೂಗುಸೇತುವೆ.
ಜವರೇಶ ಬಿದ್ದಿದ್ದಾನೆ, ಫೈರೋಜನ ಬತ್ತಳಿಕೆ ಖಾಲಿ,
ಗದೆಯಲ್ಲಿ ಹಲಗೆ ಹಲಗೆ ಕುಟ್ಟಿ ನೋಡುತ್ತ ಬರುತ್ತಿದ್ದಾನೆ ನನ್ನ ರಾಕ್ಷಸ.
"ಸೇತುವೆ ಪೂರಾ ನಿಜ," ಅಂದಳು.
"ಇಪ್ಪತ್ತು ಹಲಗೆ ಕುಟ್ಲಿ ಬಿಡು. ಬೇಜಾರಾಗ್ಲಿ.
ಇಪ್ಪತ್ತೊಂದನೇದು ಇಲ್ಲ. ಇರೋ ಹಂಗೆ ಕಾಣ್ಲಿ,
ಒಂದು ಮೊಳೆ ತುಕ್ಕು ಹಿಡಿದಿರ್ಲಿ. ಅಷ್ಟು ಸಾಕು.
ಕ್ಯಾನಿಗೆ ಒಂದು ಲೋಟ. ಅದಕ್ಕಿಂತ ಜಾಸ್ತಿ ಹುಯ್ಯಬಾರ್ದು."

ಹದಿನೈದಾದರೂ ಬೀಳಬೇಕು.
ದಾಳ ಎಸೆದಳು.
ಕರೆಂಟು ಹೋಯಿತು.

ಎಲ್ಲಿಂದಲೋ ಆಲೆಮನೆಯ ಬೆಲ್ಲದ ವಾಸನೆ,
ಕೆಳಗೆ ಯಾರೋ ಷಟರ್ ಎಳೆದರು.
ದಾಳ ಉರುಳಿ ಬಂದು ನನ್ನ ಮೊಣಕಾಲಿಗೆ ತಾಗಿ ನಿಂತಿತು.
"ಹದಿನೇಳು," ಅಂದಿತು ಕತ್ತಲೆಯೊಳಗಿನ ದನಿ.
ಹಿಂದೆ ಮುಂದೆ ಒಂದು ಮಾತಿಲ್ಲ.

ಹೆಬ್ಬೆರಳಲ್ಲಿ ಸವರಿದೆ. ಕೊರೆದ ಅಂಕಿ.
ಒಂದೇ ಅಂಕಿ.
ಫೈರೋಜ ಮೊಬೈಲಿಗೆ ತಡಕಾಡುತ್ತಿದ್ದ.
ಟಾರ್ಚ್ ಹತ್ತುವಷ್ಟರಲ್ಲಿ ದಾಳ ನನ್ನ ಮುಷ್ಟಿಯೊಳಗಿತ್ತು,
ರಾಕ್ಷಸ ಕಮರಿಯೊಳಗಿದ್ದ.

ಸತ್ತಲ್ಲಿಂದಲೇ ಎದ್ದು ಕುಣಿದ ಜವರೇಶ.
ಚಿಕ್ಕತಾಯಿ ಮಾತ್ರ ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು,
ಇನ್ನೂ ಮುಚ್ಚಳ ತೆಗೆಯದ ಕ್ಯಾನನ್ನು ನೋಡುವ ಹಾಗೆ.

ನಾನು ಶುರು ಮಾಡಿದೆ:
ಸೇತುವೆ ಹಳೇದು ನೋಡು, ಹಗ್ಗ ಬೇರೆ ನೆನೆದಿತ್ತು,
ಅವನಿಗೂ ವಯಸ್ಸಾಗಿತ್ತು, ರಾತ್ರಿ ಮಳೆ ಬಂದು...